ಹೊಲದ ಕೆಲಸಕ್ಕೆ ತಕ್ಕ ಉಡುಪು

ಬೇಸಾಯಕ್ಕೆ ಬೇಕಾದ ಉಪಕರಣಗಳು ಯಾವುವೆಂದು ಕೇಳಿದರೆ ನೇಗಿಲು, ಕುಂಟೆ, ಕೂರಿಗೆ, ಗುದ್ದಲಿ, ಕುಡುಗೋಲು ಮೊದಲಾದುವುಗಳನ್ನು ಯಾವ ರೈತನಾದರೂ ಎಣಿಸಿ ಹೇಳುವನು. ಈಚೆಗೆ ಟ್ರಾಕ್ಟರು, ಪಂಪುಸೆಟ್ಟು, ಔಷಧಿ ಸಿಂಪಡಿಸುವ ಯಂತ್ರ ಇವೂ ಆ ಪಟ್ಟಿಗೆ ಸೇರಿವೆ. ಆದರೆ ಇವನ್ನೆಲ್ಲ ಹಿಡಿದು ದುಡಿಯುವವನ ಮೈಮೇಲಿನ ಬಟ್ಟೆಯನ್ನು ಆ ಪಟ್ಟಿಯಲ್ಲಿ ಸೇರಿಸುವವರು ವಿರಳ. ಹಿಂದಿನವರು ಇದನ್ನು ಮರೆತಿರಲಿಲ್ಲ. ವರ್ಷದ ಆಳನ್ನು ಗೊತ್ತುಮಾಡಿಕೊಳ್ಳುವಾಗ ಧಾನ್ಯ ಮತ್ತು ಹಣದ ಜೊತೆಗೆ ಒಂದು ಕಂಬಳಿ, ಒಂದು ಜೊತೆ ಎಕ್ಕಡ ಕೊಡುವುದೆಂದು ಮಾತಾಗುವ ವಾಡಿಕೆ ಅನೇಕ ಗ್ರಾಮಗಳಲ್ಲಿತ್ತು. ಮಳೆ ಬಿಸಿಲುಗಳಿಂದ ಮೈಯನ್ನು ಕಾಪಾಡಿಕೊಳ್ಳಲಾರದ ಆಳಿನಿಂದ ಪೂರ್ತಿ ಕೆಲಸ ದೊರೆಯದೆಂಬ ತಿಳಿವಳಿಕೆಯೇ ಆ ವಾಡಿಕೆಯ ತಳಹದಿಯಾಗಿತ್ತು.

ಈಗ ಕೆಲಸವೆಲ್ಲ ಬಹುಮಟ್ಟಿಗೆ ದಿನಗೂಲಿಯ ಮೇಲೆ ನಡೆಯುವುದರಿಂದ ಕೂಲಿಯವರು ಏನನ್ನು ಉಟ್ಟು ಬಂದರೆಂಬುದನ್ನು ಗಮನಿಸುವವರಿಲ್ಲ. ಹತ್ತಿ ಬಿಡಿಸುವುದಕ್ಕೆ, ಕಳೆ ತೆಗೆಯುವುದಕ್ಕೆ, ಮೆಣಸಿನಕಾಯಿ ಕೊಯ್ಯುವುದಕ್ಕೆ ಬರುವ ಹೆಣ್ಣಾಳುಗಳು ಸೀರೆಯ ಮೇಲೆ ಮನೆಯ ಗಂಡಸರು ತೊಟ್ಟು ಬಿಟ್ಟ ತುಂಬುತೋಳಿನ ಹಳೆಯ ಅಂಗಿಯೊಂದನ್ನು ಹಾಕಿಕೊಂಡು ಬರುವುದು ನಾಡಿನ ಅನೇಕ ಕಡೆಗಳಲ್ಲಿ ಕಾಣುವ ನೋಟವಾಗಿದೆ. ಅವರ ಯೋಚನೆ ಸರಿಯಾದುದು. ಬಿಸಿಲು, ಮುಳ್ಳು, ಸುಂಕು, ಎಲೆಯ ಅಲಗು ಇವುಗಳಿಂದ ತೋಳಿಗೆ ರಕ್ಷಣೆ ಬೇಕು. ಆದರೆ ಆ ಅಂಗಿ ಪಾಲಿಯೆಸ್ಟರಿನದಾಗಿರುವುದೇ ಹೆಚ್ಚು. ಬಿಸಿಲನ್ನು ತಡೆಯಲು ತೊಟ್ಟ ಅಂಗಿಯೇ ಮೈಯ ಬೆವರನ್ನು ಒಳಗೆ ಹಿಡಿದಿಟ್ಟು ಶಾಖವನ್ನು ಹೆಚ್ಚಿಸುತ್ತದೆ. ಮಧ್ಯಾಹ್ನಕ್ಕೆ ತಲೆ ಸುತ್ತುವುದು, ಬೆವರುಸಾಲೆ ಏಳುವುದು, ತೊಡೆಸಂದು ಕಂಕುಳುಗಳಲ್ಲಿ ತುರಿಕೆ ಹತ್ತುವುದು, ಸುಗ್ಗಿಯ ನಡುವೆ ಆಳು ಕೆಲಸ ತಪ್ಪಿಸುವುದು, ಇವೆಲ್ಲಕ್ಕೂ ಬಟ್ಟೆಯು ಒಂದು ಕಾರಣವೆಂಬುದನ್ನು ಜಮೀನುದಾರರೂ ಗ್ರಾಮದ ಮುಖಂಡರೂ ತಿಳಿದಿರುವುದು ಅವಶ್ಯಕ. ಕೀಟನಾಶಕಗಳನ್ನು ಸಿಂಪಡಿಸುವ ಕೆಲಸದಲ್ಲಂತೂ ಬಟ್ಟೆಯ ಪ್ರಶ್ನೆಯು ಪ್ರಾಣದ ಪ್ರಶ್ನೆಯೇ ಆಗಿರುತ್ತದೆ.

ಬೆವರಿನ ಉಪಯೋಗ

ಬೆವರು ಬರುವುದು ನಿಶ್ಶಕ್ತಿಯ ಲಕ್ಷಣವೆಂದು ಕೆಲವರು ಭಾವಿಸುವರು. ಇದು ತಪ್ಪು. ದುಡಿಯುವ ದೇಹವು ಉರಿಯುವ ಒಲೆಯಂತೆ ಶಾಖವನ್ನು ಹುಟ್ಟಿಸುತ್ತಲೇ ಇರುವುದು. ಆ ಶಾಖವು ಹೊರಗೆ ಹೋಗಲೇಬೇಕು. ಚಳಿಗಾಲದಲ್ಲಿ ಅದು ಸುತ್ತಣ ಗಾಳಿಗೆ ತಾನಾಗಿಯೇ ಹೋಗುವುದು. ಆದರೆ ರಾಯಚೂರು, ಕಲಬುರಗಿ ಕಡೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಆಗುವಂತೆ ಗಾಳಿಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿದಾಗ, ಗಾಳಿಯೇ ಮೈಗಿಂತ ಬಿಸಿಯಾಗಿರುವುದರಿಂದ, ಶಾಖವು ಹೊರಬೀಳಲು ಉಳಿಯುವ ದಾರಿ ಬೆವರೊಂದೇ.

ಬಿಸಿಲಿನಲ್ಲಿ ಗಟ್ಟಿ ಕೆಲಸ ಮಾಡುವವನು ಗಂಟೆಗೆ 1 ಲೀಟರಿನಷ್ಟು ಬೆವರುವುದುಂಟು. 1 ಲೀಟರು ಬೆವರು ಮೈಮೇಲಿಂದ ಆವಿಯಾಗಿ ಹೋದರೆ ಅದರೊಡನೆ ಸುಮಾರು 580 ಕಿಲೋಕ್ಯಾಲೊರಿ ಶಾಖವು ಹೋಗುವುದು. 60 ಕಿಲೋಗ್ರಾಂ ತೂಕದ ಮನುಷ್ಯನ ಮೈಯು 1 ಡಿಗ್ರಿ ಬಿಸಿಯಾಗುವುದಕ್ಕೆ ಸುಮಾರು 50 ಕಿಲೋಕ್ಯಾಲೊರಿ ಸಾಕು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೆವರು ಎಷ್ಟು ದೊಡ್ಡ ಉಪಕಾರ ಮಾಡುತ್ತದೆಂಬುದು ಗೊತ್ತಾಗುವುದು. ಮೈಯ ಒಳಗಿನ ಉಷ್ಣತೆಯು 40 ಡಿಗ್ರಿಯನ್ನು ದಾಟಿ ಬುದ್ಧಿ ಮಂಕಾದರೆ ಅದು ಬಿಸಿಲಿನ ಆಘಾತವೆನಿಸಿ ಪ್ರಾಣಾಪಾಯಕ್ಕೆ ಬರುವುದು.

ಆದರೆ ಇಲ್ಲಿ ಒಂದು ನಿಯಮವಿದೆ. ಆವಿಯಾಗಿ ಹೋದ ಬೆವರು ಮಾತ್ರ ತಂಪು ಮಾಡುವುದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ವ್ಯರ್ಥ. ಇದಕ್ಕೆ ಮನೆಯಲ್ಲಿಯೇ ನಿದರ್ಶನವಿದೆ. ಮಣ್ಣಿನ ಹೂಜಿಯ ನೀರು ಬೇಸಗೆಯಲ್ಲಿ ತಂಪಾಗಿರುವುದು, ಪ್ಲಾಸ್ಟಿಕ್ಕಿನ ಕೊಡದ ನೀರು ಹಾಗಿರುವುದಿಲ್ಲ. ಹೂಜಿಯ ಮೈಯಿಂದ ನೀರು ಸೂಕ್ಷ್ಮವಾಗಿ ಜಿನುಗಿ ಗಾಳಿಗೆ ಆರುತ್ತಲೇ ಇರುವುದರಿಂದ ಒಳಗಿನ ನೀರಿನ ಶಾಖವು ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಜಿನುಗುವ ದಾರಿಯೇ ಇಲ್ಲ. ಮೈಮೇಲಿನ ಬಟ್ಟೆಯು ಹೂಜಿಯ ಗೋಡೆಯಂತಿರಬೇಕೇ ಹೊರತು ಪ್ಲಾಸ್ಟಿಕ್ ಕೊಡದ ಗೋಡೆಯಂತೆ ಇರಕೂಡದು.

ಹಾಗಾದರೆ ಬಟ್ಟೆಯಿಲ್ಲದಿರುವುದೇ ಮೇಲಲ್ಲವೇ ಎಂದು ಕೇಳಬಹುದು. ನೆರಳಿನಲ್ಲಿ ಕುಳಿತವನಿಗೆ ಇದು ನಿಜ. ಬಯಲಿನಲ್ಲಿ ದುಡಿಯುವವನಿಗೆ ನಿಜವಲ್ಲ. ಬರಿಮೈಗೆ ಬಿಸಿಲು ನೇರವಾಗಿ ತಾಗಿ ಹೊರಗಿನ ಶಾಖವೂ ಒಳಗೆ ಸೇರುವುದು, ಚರ್ಮವು ಸುಡುವುದು. ತಿಳಿಬಣ್ಣದ ಸಡಿಲವಾದ ಬಟ್ಟೆಯು ಮೈಯ ಜೊತೆಗೆ ತಾನೇ ಹೊತ್ತು ತಿರುಗುವ ನೆರಳೆಂದು ತಿಳಿಯಬಹುದು.

ನೂಲುಗಳ ಗುಣಭೇದ

ಎಲ್ಲ ನೂಲುಗಳೂ ನೀರನ್ನು ಒಂದೇ ಸಮನಾಗಿ ಹೀರುವುದಿಲ್ಲ. ನೋಡುವುದಕ್ಕೆ ಒಣಗಿದಂತಿರುವ ಬಟ್ಟೆಯೂ ಗಾಳಿಯಲ್ಲಿನ ತೇವವನ್ನು ಅಷ್ಟಿಷ್ಟು ಹಿಡಿದಿರುತ್ತದೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿಯ ನೂಲು ಸುಮಾರು 8 ಗ್ರಾಂ ತೇವವನ್ನೂ, ಉಣ್ಣೆಯು ಸುಮಾರು 16 ಗ್ರಾಂ ತೇವವನ್ನೂ, ನೈಲಾನು ಸುಮಾರು 4 ಗ್ರಾಂ ತೇವವನ್ನೂ ಹಿಡಿಯುವುವು. ಪಾಲಿಯೆಸ್ಟರು ಹಿಡಿಯುವುದು ಅರ್ಧ ಗ್ರಾಮಿಗಿಂತಲೂ ಕಡಿಮೆ.

ಈ ಭೇದಕ್ಕೆ ಕಾರಣ ನೂಲಿನ ಹುಟ್ಟಿನಲ್ಲಿಯೇ ಇದೆ. ಹತ್ತಿಯ ಎಳೆಯು ಬೀಜದ ಸಿಪ್ಪೆಯ ಮೇಲೆ ಬೆಳೆಯುವ ಒಂದು ಸಣ್ಣ ನಳಿಗೆ. ಕಾಯಿ ಒಡೆದು ಒಣಗಿದಾಗ ಆ ನಳಿಗೆಯು ಚಪ್ಪಟೆಯಾಗಿ ತಿರುಚಿಕೊಳ್ಳುವುದು. ಅದರ ವಸ್ತುವು ನೀರಿನೊಡನೆ ಸುಲಭವಾಗಿ ಬೆರೆಯತಕ್ಕ ಸ್ವಭಾವದ್ದು. ನೂಲು ನೂತು ನೇಯ್ದಾಗ ಎಳೆಗಳ ನಡುವೆ ಅಸಂಖ್ಯಾತ ಸಣ್ಣ ಸಂದುಗಳು ಉಳಿದು ದೀಪದ ಬತ್ತಿಯು ಎಣ್ಣೆಯನ್ನು ಏರಿಸಿಕೊಳ್ಳುವಂತೆ ಬೆವರನ್ನು ಎಳೆದುಕೊಳ್ಳುವುವು. ಪಾಲಿಯೆಸ್ಟರನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಅದರ ಎಳೆಯು ನಯವಾದ ಗಟ್ಟಿ ಸರಿಗೆಯಂತಿದ್ದು ನೀರು ಅದರೊಳಕ್ಕೆ ಇಳಿಯುವುದಿಲ್ಲ. ಅದು ಬಹುಕಾಲ ಬಾಳುವುದು, ಸುಕ್ಕುಗಟ್ಟದು, ಬೇಗ ಒಣಗುವುದು; ಈ ಗುಣಗಳಿಂದಲೇ ಅದು ಸಂತೆಯ ಅಂಗಡಿಗಳನ್ನೆಲ್ಲ ತುಂಬಿದೆ. ಊರಿಗೆ ಹೋಗಿ ಬರುವುದಕ್ಕೆ ಅದು ಸಾಕು, ಬಿಸಿಲಿನಲ್ಲಿ ಅಗೆಯುವವನಿಗೆ ಸಾಲದು.

ಹತ್ತಿಗೆ ಇನ್ನೊಂದು ವಿಶೇಷ ಗುಣವುಂಟು. ಉಣ್ಣೆಯು ನೆನೆದಾಗ ಬಲಗುಂದುವುದು. ಹತ್ತಿಯ ನೂಲು ನೆನೆದಾಗ ಒಣಗಿದ್ದಾಗಿನದಕ್ಕಿಂತ ಬಲವಾಗುವುದು. ಒಗೆಯುವ ಕಲ್ಲಿನ ಏಟುಗಳನ್ನು ಅದು ವರ್ಷಗಟ್ಟಲೆ ತಡೆಯುವುದು ಇದರಿಂದಲೇ.

ಹತ್ತಿಗೂ ಒಂದು ದೋಷವಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಅದು ಹೀರಿದ ನೀರನ್ನು ಬೇಗ ಬಿಡುವುದಿಲ್ಲ. ದಪ್ಪ ಹತ್ತಿಬಟ್ಟೆಯು ಪೂರ್ತಿ ತೊಯ್ದು ಮೈಗೆ ಅಂಟಿದರೆ ಅದರ ಸಂದುಗಳೆಲ್ಲ ನೀರಿನಿಂದ ತುಂಬಿ ಗಾಳಿಯಾಡುವುದು ನಿಲ್ಲುವುದು. ಆಗ ಮೈ ಒಣಗಿರುವ ಮಾತೇ ಇಲ್ಲ. ಆಟಗಾರರು ತೊಡುವ ಕೆಲವು ಹೊಸ ಬಗೆಯ ಹೆಣಿಗೆಯ ಬನಿಯನ್ನುಗಳಲ್ಲಿ ಪಾಲಿಯೆಸ್ಟರಿನ ಎಳೆಗಳಿಗೆ ಉದ್ದಕ್ಕೂ ಸಣ್ಣ ಕಾಲುವೆಗಳನ್ನು ಮಾಡಿರುತ್ತಾರೆ. ಅವು ಬೆವರನ್ನು ಹೀರದೆ ಹೊರಮೈಗೆ ಸಾಗಿಸಿ ಬೇಗ ಆರಿಸುವುವು. ಅವು ಒಳ್ಳೆಯವೇ ಸರಿ. ಆದರೆ ಸಂತೆಯಲ್ಲಿ ಅಗ್ಗವಾಗಿ ದೊರೆಯುವ ಅಂಗಿಗಳಿಗೂ ಅವುಗಳಿಗೂ ಹೆಸರು ಒಂದೇ ಆದರೂ ಗುಣ ಒಂದಲ್ಲ. ನಮ್ಮ ಗ್ರಾಮಗಳ ಕೆಲಸಕ್ಕೆ ತೆಳುವಾದ, ಸಡಿಲವಾದ ಹತ್ತಿಯ ಬಟ್ಟೆ ಮತ್ತು ಅದನ್ನು ಬದಲಾಯಿಸಲು ಇನ್ನೊಂದು ಜೊತೆ, ಇದೇ ಸುಲಭವಾದ ಮಾರ್ಗ.

ನೇಯ್ಗೆ ಮತ್ತು ಹೊಲಿಗೆ

ನೂಲು ಹತ್ತಿಯದಾದ ಮಾತ್ರಕ್ಕೆ ಎಲ್ಲ ಬಟ್ಟೆಯೂ ಹೊಲಕ್ಕೆ ತಕ್ಕದ್ದಾಗದು. ಒತ್ತಾಗಿ ನೇಯ್ದ ದಪ್ಪ ಜೀನ್ಸು ಬಟ್ಟೆಯೂ ಹತ್ತಿಯದೇ. ಆದರೆ ಅದರಲ್ಲಿ ಗಾಳಿಯಾಡದು, ತೊಯ್ದರೆ ಒಣಗುವುದಕ್ಕೆ ಬಹಳ ಹೊತ್ತು ಹಿಡಿಯುವುದು. ಕೈಮಗ್ಗದ ಬಟ್ಟೆಯಲ್ಲಿ ಮತ್ತು ಖಾದಿಯಲ್ಲಿ ನೂಲಿನ ಹುರಿ ಸಡಿಲವಾಗಿಯೂ ನೇಯ್ಗೆಯ ಕಣ್ಣುಗಳು ತೆರೆದಂತೆಯೂ ಇರುವುದರಿಂದ ಅವು ಬೆವರನ್ನು ಬೇಗ ಹೀರಿ ಗಾಳಿಯನ್ನು ಬಿಡುವುವು.

ಹೊಲಿಗೆಯ ವಿಷಯದಲ್ಲಿ ಸಡಿಲತನವೇ ಮುಖ್ಯ. ಮೈಗೂ ಬಟ್ಟೆಗೂ ನಡುವೆ ಗಾಳಿ ಓಡಾಡಬೇಕು. ನಡೆಯುವಾಗಲೂ ಬಗ್ಗುವಾಗಲೂ ಸಡಿಲವಾದ ಅಂಗಿಯು ತಿದಿಯಂತೆ ಕೆಲಸ ಮಾಡಿ ತೇವದ ಗಾಳಿಯನ್ನು ಹೊರದೂಡಿ ಒಣ ಗಾಳಿಯನ್ನು ಒಳಕ್ಕೆ ತರುವುದು. ಕೊರಳಪಟ್ಟಿಯನ್ನು ಬಿಗಿಯಾಗಿಡಬಾರದು, ಕಂಕುಳಿನ ಕೆಳಗೆ ಒಂದು ತುಂಡು ಹೆಚ್ಚಾಗಿ ಸೇರಿಸಿ ಹೊಲಿಸಿದರೆ ತೋಳೆತ್ತುವುದೂ ಸುಲಭ, ಅಲ್ಲಿ ಬೆವರು ಕಟ್ಟಿಕೊಳ್ಳುವುದೂ ಕಡಿಮೆ. ತೋಳು ಮಣಿಕಟ್ಟಿನವರೆಗೆ ಇರಲಿ, ಬಣ್ಣ ತಿಳಿಯಾಗಿರಲಿ. ಒಳಗೆ ತೊಡುವ ಚಡ್ಡಿ ಲಂಗೋಟಿಗಳು ಕಡ್ಡಾಯವಾಗಿ ಹತ್ತಿಯವೇ ಆಗಿರಬೇಕು, ಬಿಗಿಯಾಗಿರಬಾರದು. ಹೆಂಗಸರ ರವಿಕೆಗೂ ಒಳಲಂಗಕ್ಕೂ ಈ ಮಾತೇ ಸಲ್ಲುವುದು. ಒಳಲಂಗದ ಲಾಡಿಯನ್ನು ಒಂದೇ ಕಡೆ ಬಿಗಿಯಾಗಿ ಕಟ್ಟುವುದರಿಂದ ಸೊಂಟದಲ್ಲಿ ಬೆವರು ನಿಂತು ಚರ್ಮವು ಕಪ್ಪಾಗಿ ತುರಿಕೆಯಾಗುವುದು. ಅಗಲವಾದ ಪಟ್ಟಿಯನ್ನಿಟ್ಟು ಹೊಲಿಸಿದರೆ ಇದು ತಪ್ಪುವುದು.

ತಲೆಯ ರುಮಾಲು ಹಳೆಯ ಕಾಲದ ಬುದ್ಧಿವಂತಿಕೆಗೆ ಒಳ್ಳೆಯ ಸಾಕ್ಷಿ. ಹಲವು ಸುತ್ತುಗಳ ತೆಳು ಹತ್ತಿಬಟ್ಟೆಯು ಬಿಸಿಲನ್ನು ತಡೆಯುವುದಲ್ಲದೆ ಹಣೆಯ ಬೆವರು ಕಣ್ಣಿಗಿಳಿಯದಂತೆ ಹೀರುವುದು. ಹೆಗಲ ಮೇಲಿನ ವಲ್ಲಿ ಅಥವಾ ಚೌಕವು ಮೈ ಒರಸುವುದಕ್ಕೂ, ನೀರಿನಲ್ಲಿ ಅದ್ದಿ ಕೊರಳಿಗೆ ಸುತ್ತಿಕೊಳ್ಳುವುದಕ್ಕೂ ಒದಗುವುದು. ಇವೆರಡನ್ನೂ ಬಿಟ್ಟು ಪ್ಲಾಸ್ಟಿಕ್ಕಿನ ಟೊಪ್ಪಿಗೆಯನ್ನಿಟ್ಟುಕೊಳ್ಳುವುದರಲ್ಲಿ ಯಾವ ಲಾಭವೂ ಇಲ್ಲ.

ಬಟ್ಟೆಯನ್ನು ಪರೀಕ್ಷಿಸುವ ಬಗೆ

ಅಂಗಡಿಯವನು ಹತ್ತಿಯೆಂದು ಹೇಳಿದ ಬಟ್ಟೆಯಲ್ಲಿ ಪಾಲಿಯೆಸ್ಟರು ಬೆರೆತಿರುವುದುಂಟು. ಇದನ್ನು ತಿಳಿಯಲು ಮೂರು ಸುಲಭ ಪರೀಕ್ಷೆಗಳಿವೆ.

ಮೊದಲನೆಯದು ಬೆಂಕಿಯ ಪರೀಕ್ಷೆ. ಬಟ್ಟೆಯ ಅಂಚಿನಿಂದ ಹಾಸು ಹೊಕ್ಕುಗಳ ಒಂದೊಂದು ಎಳೆಯನ್ನು ತೆಗೆದು ಚಿಮಟಿಗೆಯಲ್ಲಿ ಹಿಡಿದು ಹೊತ್ತಿಸಬೇಕು. ಹತ್ತಿಯ ಎಳೆಯು ಕಾಗದದಂತೆ ಉರಿದು ಹಗುರವಾದ ಬೂದಿಯಾಗುವುದು. ಪಾಲಿಯೆಸ್ಟರು ಕರಗಿ ಸುರುಳಿಕೊಂಡು, ಆರಿದ ಮೇಲೆ ಗಟ್ಟಿಯಾದ ಮಣಿಯಾಗುವುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುವುದು. ಬೂದಿಯೊಡನೆ ಗಟ್ಟಿ ಕಾಳೂ ಉಳಿದರೆ ಅದು ಬೆರಕೆಯ ನೂಲು.

ಎರಡನೆಯದು ಹನಿಯ ಪರೀಕ್ಷೆ. ಒಗೆದು ಒಣಗಿಸಿದ ಬಟ್ಟೆಯನ್ನು ಲೋಟದ ಬಾಯಿಗೆ ಬಿಗಿಯಾಗಿ ಹಿಡಿದು ಒಂದು ಹನಿ ನೀರನ್ನು ಬಿಡಬೇಕು. ಒಳ್ಳೆಯ ಬಟ್ಟೆಯಲ್ಲಿ ಹನಿಯು ಕೆಲವು ಕ್ಷಣಗಳಲ್ಲಿಯೇ ಹರಡಿ ಮಾಯವಾಗುವುದು; ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಂತರೆ ಆ ಬಟ್ಟೆ ಬೆವರನ್ನೂ ಹೀರದು. ಮೂರನೆಯದು ಉಸಿರಿನ ಪರೀಕ್ಷೆ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿದಾಗ ಆಚೆಯ ಅಂಗೈಗೆ ಗಾಳಿಯು ತಾಗಬೇಕು.

ಒಗೆತ

ಹೊಸ ಹತ್ತಿಬಟ್ಟೆಯು ಹನಿಯ ಪರೀಕ್ಷೆಯಲ್ಲಿ ಸೋತರೆ ಕೂಡಲೇ ಅದನ್ನು ತಳ್ಳಿಬಿಡಬಾರದು. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣವಿರುವುದು. ನೇಯುವಾಗ ಹಾಸಿಗೆ ಗಂಜಿಯನ್ನೂ ಹಾಕಿರುತ್ತಾರೆ. ಇವೆರಡೂ ನೀರಿಗೆ ಅಡ್ಡಿ. ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರುದಿನ ಒಗೆಯುವ ಸೋಡಾ ಹಾಕಿದ ಬಿಸಿ ನೀರಿನಲ್ಲಿ ತೊಳೆದರೆ ಗಂಜಿಯೂ ಮೇಣವೂ ಬಿಟ್ಟುಹೋಗಿ ಬಟ್ಟೆಯು ಮೆತ್ತಗಾಗುವುದು. ಮಡಿವಾಳರು ಬಟ್ಟೆಗಳನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದ ಪದ್ಧತಿಯ ಸಾರವೂ ಇದೇ: ಕ್ಷಾರವು ಜಿಡ್ಡನ್ನು ತೆಗೆಯುವುದು, ಹಬೆಯು ರೋಗದ ಬೀಜಗಳನ್ನು ಕೊಲ್ಲುವುದು. ಬಣ್ಣ ಬಿಡುವ ಬಟ್ಟೆಗಳಿಗೆ ಕುದಿನೀರು ಸಲ್ಲದು.

ಕೆಲಸದ ಬಟ್ಟೆಗಳಿಗೆ ಗಂಜಿಯನ್ನು ಹಾಕಲೇಬಾರದು. ಬಟ್ಟೆಯನ್ನು ಮೆತ್ತಗೆ ಮಾಡುವುದಕ್ಕೆಂದು ಅಂಗಡಿಗಳಲ್ಲಿ ಮಾರುವ ಸುವಾಸನೆಯ ದ್ರವವನ್ನೂ ಬಳಸಬಾರದು. ಅದು ಎಳೆಗಳ ಮೇಲೆ ಜಿಡ್ಡಿನ ಲೇಪವನ್ನು ಬಿಟ್ಟು ಹೀರುವ ಶಕ್ತಿಯನ್ನು ಕುಂದಿಸುವುದು. ಬೆವರಿನ ಉಪ್ಪು ಉಳಿದ ಬಟ್ಟೆಯು ಒರಟಾಗಿ ಚರ್ಮವನ್ನು ಕೆರೆಯುವುದರಿಂದ ಪ್ರತಿದಿನವೂ ಕೊನೆಯ ಪಕ್ಷ ಬರಿಯ ನೀರಿನಲ್ಲಾದರೂ ಜಾಲಾಡಿ, ಒಳಮೈ ಮೇಲಾಗಿ ಬಿಸಿಲಿಗೆ ಹರವಬೇಕು.

ಒದ್ದೆಯಿಂದ ಬರುವ ಚರ್ಮರೋಗಗಳು

ಬಹಳ ಹೊತ್ತು ತೊಯ್ದಿರುವ ಚರ್ಮವು ನೆನೆದ ಗೋಡೆಯಂತೆ ಮೆತ್ತಗಾಗಿ ಸ್ವಲ್ಪ ಉಜ್ಜಿದರೂ ಸುಲಿಯುವುದು. ಬೆವರಿನ ರಂಧ್ರಗಳು ಮುಚ್ಚಿ ಬೆವರುಸಾಲೆ ಏಳುವುದು. ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಹುಳುಕಡ್ಡಿಯದು. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನಿಂದ ಬರುವುದಲ್ಲ. ಬೂಷ್ಟಿನ ಜಾತಿಗೆ ಸೇರಿದ ಸೂಕ್ಷ್ಮ ಜೀವಿಯಿಂದ ಬರುವುದು. ಮಳೆಗಾಲದಲ್ಲಿ ಮೇವಿನ ಬಣವೆಗೆ ಬೂಷ್ಟು ಹಿಡಿಯಲು ತೇವ, ಬೆಚ್ಚಗಿನ ಹವೆ, ಗಾಳಿಯಿಲ್ಲದಿರುವಿಕೆ ಈ ಮೂರು ಹೇಗೆ ಕಾರಣವೋ ತೊಡೆಸಂದಿನ ಹುಳುಕಡ್ಡಿಗೂ ಹಾಗೆಯೇ ಈ ಮೂರೇ ಕಾರಣ.

ಈ ರೋಗವು ಕೆಲವು ವರ್ಷಗಳಿಂದ ಭಾರತದಲ್ಲೆಲ್ಲ ಹಟಮಾರಿಯಾಗಿದೆ. ಸಾಮಾನ್ಯ ಔಷಧಿಗೆ ಬಗ್ಗದ ಒಂದು ಜಾತಿಗೆ 2020ರಲ್ಲಿ ಟ್ರೈಕೊಫೈಟನ್ ಇಂಡೊಟೀನಿಯೇ ಎಂದು ಹೆಸರಿಡಲಾಯಿತು. ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಸ್ಟೆರಾಯಿಡು ಬೆರೆತ ಮುಲಾಮುಗಳು ತುರಿಕೆಯನ್ನು ಎರಡು ದಿನ ಅಡಗಿಸಿ ರೋಗವನ್ನು ಒಳಗೊಳಗೇ ಹಬ್ಬಿಸುವುವು. ವೈದ್ಯರನ್ನು ಕಾಣದೆ ಅಂತಹ ಮುಲಾಮನ್ನು ಯಾರೂ ಬಳಸಕೂಡದು. ರೋಗಿಯ ಬಟ್ಟೆ ಟುವಾಲುಗಳನ್ನು ಬೇರೆಯವರು ಉಪಯೋಗಿಸಬಾರದು. ಅವುಗಳನ್ನು ಬಿಸಿ ನೀರಿನಲ್ಲಿ ಬೇರೆಯಾಗಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಔಷಧಿ ಎಷ್ಟು ಒಳ್ಳೆಯದಾದರೂ ರೋಗಿಯು ಮತ್ತೆ ಅದೇ ಒದ್ದೆ ಚಡ್ಡಿಯನ್ನೇ ತೊಟ್ಟರೆ ಗುಣವು ನಿಲ್ಲದು.

ಮಳೆಯ ನಾಡಿನಲ್ಲಿ

ಬಿಸಿಲ ಸೀಮೆಯಲ್ಲಿ ಒಳಗಿನಿಂದ ಬರುವ ನೀರು ಶತ್ರುವಾದರೆ ಮಲೆನಾಡು ಕರಾವಳಿಗಳಲ್ಲಿ ಹೊರಗಿನ ನೀರೂ ಕೂಡುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆಯಾಗುವುದು. ಅಂತಹ ಕಡೆಗಳಲ್ಲಿ ನಾಟಿಯ ಕೆಲಸಕ್ಕೆ ಪೂರ್ವಿಕರು ಎರಡು ಸಾಧನಗಳನ್ನು ಕಂಡುಕೊಂಡಿದ್ದರು: ಒಂದು ಕಂಬಳಿಯ ಕೊಪ್ಪೆ, ಇನ್ನೊಂದು ಗೊರಬು.

ಉಣ್ಣೆಯ ಎಳೆಯ ಗುಣ ವಿಚಿತ್ರವಾದುದು. ಅದರ ಹೊರಮೈಯ ಹುರುಪೆಗಳು ನೀರಿನ ಹನಿಯನ್ನು ಜಾರಿಸುವುವು. ಒಳಗಿನ ಭಾಗವು ಮಾತ್ರ ಆವಿಯನ್ನು ಹೀರುವುದು. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿದರೂ ಉಣ್ಣೆಯು ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುವುದು. ಚಳ್ಳಕೆರೆಯ ಕಡೆಯಲ್ಲಿ ಕುರುಬರು ದಖ್ಖನಿ ಕುರಿಗಳ ಒರಟು ಉಣ್ಣೆಯಿಂದ ನೇಯುವ ಕಂಬಳಿಯು ಮಳೆಯ ನಾಡಿನಲ್ಲಿಯೂ ಬೆಲೆ ಪಡೆದದ್ದು ಈ ಗುಣದಿಂದಲೇ. ಅದು ತೊಯ್ದರೆ ಭಾರವಾಗುವುದು, ಒಣಗಿಸಲು ಒಲೆಯ ಮೇಲಿನ ಅಟ್ಟ ಬೇಕಾಗುವುದು ಎಂಬ ಮಾತೂ ನಿಜವೇ. ಗೊರಬು ಬಟ್ಟೆಯಲ್ಲ, ಬಿದಿರಿನ ಹಂದರದ ಮೇಲೆ ಎಲೆಗಳನ್ನು ಹೊದಿಸಿ ಮಾಡಿದುದು. ಬೆನ್ನಿಗೂ ಅದಕ್ಕೂ ನಡುವೆ ಗಾಳಿಯಾಡುವುದರಿಂದ ಬಗ್ಗಿ ನೆಡುವವರ ಮೈ ಒಣಗಿರುವುದು.

ಈಗ ಇವೆರಡರ ಸ್ಥಾನದಲ್ಲಿ ಪ್ಲಾಸ್ಟಿಕ್ಕಿನ ಹಾಳೆಯೂ ಮಳೆಕೋಟೂ ಬಂದಿವೆ. ಇವು ಅಗ್ಗ, ಹಗುರ. ಆದರೆ ಎಲ್ಲ ಕಡೆಯೂ ಗುಂಡಿ ಹಾಕಿದ ಪ್ಲಾಸ್ಟಿಕ್ ಕೋಟಿನೊಳಗೆ ದುಡಿಯುವವನು ಒಂದು ಗಂಟೆಯೊಳಗಾಗಿ ತನ್ನ ಬೆವರಿನಿಂದಲೇ ತೊಯ್ಯುವನು. ಹೊರಗಿನ ನೀರನ್ನು ತಡೆದು ಒಳಗಿನ ನೀರನ್ನು ಕೂಡಿಟ್ಟಂತಾಗುವುದು. ಪ್ಲಾಸ್ಟಿಕ್ಕನ್ನೇ ಬಳಸುವುದಾದರೆ ಕೊಪ್ಪೆಯಂತೆ ಮುಂದೆ ತೆರೆದು ಹೊದೆಯಬೇಕು. ಒಳಗೆ ಹತ್ತಿಯ ಅಂಗಿಯಿರಬೇಕು. ಊಟದ ಹೊತ್ತಿಗೆ ಅದನ್ನು ಬಿಚ್ಚಿ ಒಣ ಅಂಗಿಯನ್ನು ತೊಡಬೇಕು. ಗದ್ದೆಯಿಂದ ಬಂದೊಡನೆ ಕಾಲು ತೊಳೆದು ಬೆರಳಸಂದುಗಳನ್ನು ಒಣ ಬಟ್ಟೆಯಿಂದ ಒರಸಿಕೊಂಡರೆ ಕೆಸರುಹುಣ್ಣು ಬಹುಮಟ್ಟಿಗೆ ತಪ್ಪುವುದು.

ಕೀಟನಾಶಕ ಸಿಂಪಡಿಸುವಾಗ

ಇದುವರೆಗೆ ಹೇಳಿದ ನಿಯಮವು ಒಂದು ಕೆಲಸದಲ್ಲಿ ತಿರುಗಿಬೀಳುವುದು. ಬೆವರನ್ನು ಹೀರುವ ಬಟ್ಟೆಯು ವಿಷವನ್ನೂ ಹೀರುವುದು. ಸಿಂಪಡಿಸುವವನ ಬೆನ್ನಿನ ಡಬ್ಬಿಯಿಂದ ಸೋರಿದ ಔಷಧಿ, ಎಲೆಗಳಿಂದ ಪಂಚೆಗೆ ತಾಗಿದ ಔಷಧಿ, ಗಾಳಿಗೆ ಮರಳಿ ಬಂದ ತುಂತುರು ಇವೆಲ್ಲವನ್ನೂ ಹತ್ತಿಬಟ್ಟೆಯು ಹಿಡಿದು ಗಂಟೆಗಟ್ಟಲೆ ಚರ್ಮಕ್ಕೆ ಒತ್ತಿಟ್ಟಿರುವುದು. ಬಿಸಿಯಾಗಿ ಬೆವರಿನಿಂದ ತೊಯ್ದ ಚರ್ಮದೊಳಕ್ಕೆ ವಿಷವು ಇನ್ನೂ ಸುಲಭವಾಗಿ ಇಳಿಯುವುದು. ಮೈಯ ಎಲ್ಲ ಭಾಗಗಳೂ ಸಮನಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ವಿಷಯದಲ್ಲಿ ನಡೆದ ಪರೀಕ್ಷೆಗಳಿಂದ, ಮುಂಗೈಯ ಚರ್ಮಕ್ಕಿಂತ ವೃಷಣದ ಚರ್ಮವು ಹತ್ತು ಮಡಿಗೂ ಮಿಗಿಲಾಗಿ ವಿಷವನ್ನು ಒಳಗೆಳೆದುಕೊಳ್ಳುವುದೆಂದು ತಿಳಿದುಬಂದಿದೆ. ತೊಯ್ದ ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು ದಿನವೆಲ್ಲ ಸಿಂಪಡಿಸುವವನು ಯಾವ ಅಪಾಯದಲ್ಲಿರುವನೆಂಬುದನ್ನು ಇದರಿಂದ ಊಹಿಸಬಹುದು.

ಇದು ಬರಿಯ ಊಹೆಯ ಮಾತಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಕೀಟನಾಶಕ ಸಿಂಪಡಿಸಿದವರಲ್ಲಿ 20ಕ್ಕಿಂತ ಹೆಚ್ಚು ಜನರು ಮೃತಪಟ್ಟರು. ನೂರಾರು ಜನರು ಆಸ್ಪತ್ರೆ ಸೇರಿದರು. ಆ ವರ್ಷ ಗಿಡಗಳು ಆಳೆತ್ತರ ಬೆಳೆದಿದ್ದುದರಿಂದ ತುಂತುರು ಮುಖಮೈಗಳ ಮೇಲೆ ಬೀಳುತ್ತಿತ್ತು; ಅನೇಕರಿಗೆ ರಕ್ಷಣೆಯ ಉಡುಪೇ ಇರಲಿಲ್ಲ. ನಮ್ಮ ಹತ್ತಿಯ ಜಿಲ್ಲೆಗಳಿಗೆ ಇದು ದೂರದ ಸುದ್ದಿಯೆಂದು ತಿಳಿಯಬಾರದು.

ಕೀಟನಾಶಕಗಳನ್ನು ತಯಾರಿಸುವ, ಸಾಗಿಸುವ, ಹಂಚುವ, ಸಿಂಪಡಿಸುವ ಎಲ್ಲರಿಗೂ ತಕ್ಕ ರಕ್ಷಣೆಯ ಉಡುಪು ಇರತಕ್ಕದ್ದೆಂದೂ, ಅದು ವಿಷವು ಒಳಗೆ ಇಳಿಯದಂತಹ ಬಟ್ಟೆಯದಾಗಿರತಕ್ಕದ್ದೆಂದೂ, ಪ್ರತಿ ಸಲವೂ ತೊಳೆಯಲು ಬರುವಂತಿರತಕ್ಕದ್ದೆಂದೂ 1971ರ ಕೀಟನಾಶಕ ನಿಯಮಗಳಲ್ಲಿ ವಿಧಿಸಲಾಗಿದೆ. ಆದರೆ ಪೂರ್ತಿ ರಬ್ಬರಿನ ಉಡುಪನ್ನು ನಮ್ಮ ಬಿಸಿಲಿನಲ್ಲಿ ತೊಟ್ಟು ನಿಲ್ಲುವುದು ಕಷ್ಟ. ಅದನ್ನು ಅರ್ಧಕ್ಕೆ ಬಿಚ್ಚಿ ಎಸೆಯುವವರೇ ಬಹಳ. ಆದುದರಿಂದ ಒಳಗೆ ಹೀರುವ ಬಟ್ಟೆ, ಹೊರಗೆ ಬೇಕಾದ ಕಡೆ ಮಾತ್ರ ತಡೆಯುವ ಬಟ್ಟೆ ಎಂಬ ಕ್ರಮವು ಅನುಕೂಲವಾದುದು. ಒಳಗೆ ತುಂಬುತೋಳಿನ ಹತ್ತಿಯ ಅಂಗಿ ಮತ್ತು ಷರಾಯಿ; ಹೊರಗೆ ಬೆನ್ನಿಗೊಂದು, ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಒಂದು ದಪ್ಪ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಹೊದಿಕೆ; ಕೈಗೆ ರಬ್ಬರಿನ ಚೀಲ, ಕಾಲಿಗೆ ರಬ್ಬರಿನ ಬೂಟು, ಕಣ್ಣಿಗೆ ಕನ್ನಡಕ, ಮೂಗು ಬಾಯಿಗಳಿಗೆ ಮುಸುಕು. ಸಿಂಪಡಿಸುವುದು ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮಾತ್ರ. ಆಗ ಗಾಳಿಯೂ ಕಡಿಮೆ, ಬೆವರೂ ಕಡಿಮೆ.

ಈ ಎರಡು ಗುಣಗಳನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸುವ ಪ್ರಯತ್ನವು ಬೆಂಗಳೂರಿನಲ್ಲಿಯೇ ನಡೆದಿರುವುದು ಸಂತೋಷದ ವಿಷಯ. ಇಲ್ಲಿನ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯು ಸೆಪಿಯೋ ಹೆಲ್ತ್ ಎಂಬ ಕಂಪನಿಯೊಡನೆ ಕೂಡಿ ಸಿದ್ಧಪಡಿಸಿದ ‘ಕಿಸಾನ್ ಕವಚ್’ ಎಂಬ ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಇದರ ಬಟ್ಟೆಯು ವಿಷವನ್ನು ಬರಿದೆ ತಡೆಯುವುದಿಲ್ಲ. ಎಳೆಗಳಿಗೆ ಕೂಡಿಸಿದ ರಾಸಾಯನಿಕ ವಸ್ತುವು ತನ್ನ ಮೇಲೆ ಬಿದ್ದ ಕೀಟನಾಶಕವನ್ನು ಒಡೆದು ನಿರ್ವಿಷ ಮಾಡುವುದು. ಬಿಡುಗಡೆಯ ಕಾಲದಲ್ಲಿ ಇದರ ಬೆಲೆ ಸುಮಾರು 4000 ರೂಪಾಯಿಯೆಂದೂ, 150 ಬಾರಿಯವರೆಗೆ ಒಗೆದು ಒಂದು ವರ್ಷ ಬಳಸಬಹುದೆಂದೂ ತಿಳಿಸಲಾಗಿತ್ತು. ಒಬ್ಬ ಕೂಲಿಗಾರನಿಗೆ ಇದು ದೊಡ್ಡ ಮೊತ್ತ. ಹತ್ತಾರು ಜನ ಜಮೀನುದಾರರು ಸೇರಿದರೆ ದೊಡ್ಡದಲ್ಲ.

ಸಿಂಪಡಿಸಿದ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಡನೆ ಸೇರಿಸಬಾರದು. ಹೆಂಗಸರ ಕೈಗೆ ಹಾಗೆಯೇ ಒಗೆಯಲು ಕೊಡಬಾರದು. ರಬ್ಬರಿನ ಕೈಚೀಲ ತೊಟ್ಟು, ಬೇರೆ ಬಕೆಟ್ಟಿನಲ್ಲಿ, ಬಿಸಿ ನೀರು ಸಾಬೂನುಗಳಿಂದ ಅದೇ ದಿನ ಒಗೆಯಬೇಕು. ಕೆರೆ ಬಾವಿಗಳ ಬಳಿ ಒಗೆಯಕೂಡದು. ನೀರು ಬೆರೆಸದ ಔಷಧಿಯೇ ಬಟ್ಟೆಯ ಮೇಲೆ ಚೆಲ್ಲಿದರೆ ಕೂಡಲೇ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯಬೇಕು. ಆ ಬಟ್ಟೆಯನ್ನು ಮತ್ತೆ ತೊಡಬಾರದು. ವಾಕರಿಕೆ, ತಲೆಸುತ್ತು, ಕಣ್ಣು ಮಂಜಾಗುವುದು, ಜೊಲ್ಲು ಸುರಿಯುವುದು ಕಂಡರೆ ಔಷಧಿಯ ಡಬ್ಬಿಯ ಚೀಟಿಯೊಡನೆ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಮುಖಂಡರೂ ಜಮೀನುದಾರರೂ ಮಾಡತಕ್ಕ ಕೆಲಸಗಳು

1. ಖಾಯಂ ಕೆಲಸಗಾರರಿಗೆ ವರ್ಷಕ್ಕೆ ಎರಡು ಜೊತೆ ಸಡಿಲವಾದ ಹತ್ತಿಯ ಅಂಗಿಗಳನ್ನು ಕೊಡಬೇಕು. ಒಂದು ಮೈಮೇಲೆ, ಒಂದು ಬಿಸಿಲಿನ ಹಗ್ಗದ ಮೇಲೆ ಇರಬೇಕೆಂಬುದೇ ಎರಡು ಜೊತೆಯ ಉದ್ದೇಶ. ಯುಗಾದಿಗೆ ಕೊಡುವ ಬಟ್ಟೆಯನ್ನು ಬಣ್ಣ ನೋಡಿ ಆರಿಸುವ ಬದಲು ನೂಲು ನೋಡಿ ಆರಿಸಿದರೆ ಹೆಚ್ಚಿನ ಖರ್ಚೇನೂ ಬೀಳದು.

2. ಬೇಸಗೆಯಲ್ಲಿ ಕೆಲಸವನ್ನು ಬೆಳಗಿನ ತಂಪಿನಲ್ಲಿ ಆರಂಭಿಸಿ ನಡುಹಗಲಿನಲ್ಲಿ ನಿಲ್ಲಿಸಬೇಕು. ಹೊಲದ ಬದುವಿನಲ್ಲಿ ಕುಡಿಯುವ ನೀರು ಮತ್ತು ನೆರಳು ಇರಬೇಕು. ಕುಡಿಯಲು ನೀರಿಲ್ಲದವನಿಗೆ ಬೆವರು ಬಾರದು. ಆಗ ಯಾವ ಬಟ್ಟೆಯೂ ಅವನನ್ನು ಕಾಪಾಡದು.

3. ಹೆಣ್ಣಾಳುಗಳು ಮರೆಯಲ್ಲಿ ಒದ್ದೆ ಬಟ್ಟೆಯನ್ನು ಬದಲಾಯಿಸಿಕೊಳ್ಳುವಂತೆ ಪಂಪುಸೆಟ್ಟಿನ ಮನೆಯನ್ನಾಗಲಿ ತಡಿಕೆಯ ಮರೆಯನ್ನಾಗಲಿ ಬಿಟ್ಟುಕೊಡಬೇಕು. ಈ ಒಂದು ಅನುಕೂಲವಿಲ್ಲದೆ ಅನೇಕರು ದಿನವೆಲ್ಲ ತೊಯ್ದ ಬಟ್ಟೆಯಲ್ಲಿಯೇ ಇರುವರು.

4. ಸಿಂಪಡಿಸುವ ಕೆಲಸಕ್ಕೆ ಉಡುಪು ಕೊಡದೆ ಯಾರನ್ನೂ ಹೊಲಕ್ಕೆ ಇಳಿಸಬಾರದು. ಗ್ರಾಮದ ಸಹಕಾರ ಸಂಘದಲ್ಲಿ ನಾಲ್ಕಾರು ಜೊತೆಗಳನ್ನಿಟ್ಟು, ಬೇಕಾದವರಿಗೆ ಕೊಟ್ಟು, ತೊಳೆದು ಹಿಂದಿರುಗಿಸುವ ಏರ್ಪಾಡು ಮಾಡಿದರೆ ಸಣ್ಣ ಹಿಡುವಳಿದಾರರಿಗೂ ಉಪಕಾರವಾಗುವುದು.

5. ಗ್ರಾಮದಲ್ಲಿ ಒಗೆಯುವ ಕಲ್ಲು, ನೀರು, ಬಿಸಿಲು ಬೀಳುವ ಒಣಗಿಸುವ ಜಾಗ ಇವು ಎಲ್ಲರಿಗೂ ದೊರೆಯುತ್ತಿವೆಯೇ ಎಂಬುದನ್ನು ಮುಖಂಡರು ನೋಡಿಕೊಳ್ಳಬೇಕು.

ಹತ್ತಿಯು ನಮ್ಮ ಕರಿಮಣ್ಣಿನ ಬೆಳೆ. ಧಾರವಾಡ, ಹಾವೇರಿ, ರಾಯಚೂರು ಮುಂತಾದ ಜಿಲ್ಲೆಗಳ ರೈತರು ಬೆಳೆದ ಹತ್ತಿಯು ದೂರದ ಗಿರಣಿಗಳಿಗೆ ಹೋಗಿ, ಅದೇ ಹೊಲದಲ್ಲಿ ಅದನ್ನು ಬಿಡಿಸಿದ ಹೆಣ್ಣಾಳು ಮಾತ್ರ ಬೆವರು ಹೀರದ ಅಂಗಿಯನ್ನು ತೊಟ್ಟು ನಿಲ್ಲುವುದು ಶೋಭೆಯಲ್ಲ. ಬರುವ ಹಂಗಾಮಿನಲ್ಲಿ ಹೊಲಕ್ಕೆ ಹೋದಾಗ ಜಮೀನುದಾರರು ಬೆಳೆಯನ್ನು ನೋಡುವ ಮುನ್ನ ಒಂದು ಗಳಿಗೆ ಕೆಲಸಗಾರರ ಬಟ್ಟೆಯನ್ನು ನೋಡಲಿ. ಬೆನ್ನ ಮೇಲೆ ಬಟ್ಟೆ ಅಂಟಿಕೊಂಡಿದ್ದರೆ ಅಲ್ಲಿ ಗಾಳಿಗೆ ದಾರಿಯಿಲ್ಲವೆಂದು ಅರ್ಥ; ಆ ದಿನದ ಕೆಲಸದಲ್ಲಿಯೂ ಅಷ್ಟು ನಷ್ಟವಾಯಿತೆಂದೇ ಅರ್ಥ.